ಕೆಮ್ಮದೆ ಒಳಬಂದ ಕ್ಯಾಮೆರಾ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಬಾಗಿಲು ತೆರೆದವನು ನಾನು. ಯಾರೂ ನನ್ನ ಕೈ ಹಿಡಿದು ತೆರೆಸಲಿಲ್ಲ. ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಇಂಗ್ಲಿಷ್ ಮೂಡಿತು, ಬಾಗಿಲು ತೆರೆದು ಹೊರಗಿನ ಜಾಗ ತೋರಿಸಿ ಎಂದು. ಫೋಟೋಗ್ರಾಫರ್ ಹೇಳಿದ ಕಡೆಗೆಲ್ಲ ಕುತ್ತಿಗೆ ತಿರುಗಿಸುವ ಮದುಮಗನ ಹಾಗೆ ನಾನು ಹೇಳಿದ್ದನ್ನೆಲ್ಲ ಮಾಡಿದೆ. ಮನೆಯವರು, ಆಫೀಸಿನವರು, ಅಂಗಡಿಯವರು ಎಂದು ನೋಡದೆ ಎಲ್ಲರನ್ನೂ ಅಣಕಿಸಿಕೊಂಡು ಬದುಕುವವನು ಒಂದು ಚಾಟ್ ಪೆಟ್ಟಿಗೆಗೆ 'ಯಾಕೆ' ಎಂದು ಕೇಳಲಿಲ್ಲ. ಅದಾದ ಮೇಲೆ ಅಷ್ಟು ದಿನ ನನಗೆ ಊಟ ಸೇರಲಿಲ್ಲವೆಂದರೆ ಬೇರೆ ಯಾರನ್ನೂ ಬೈಯುವಂತಿಲ್ಲ.

ನಾವಿರುವುದು ಗಲ್ಫಿನಲ್ಲಿ, ಮುಐದರ್ ಎಂಬ ಬಡಾವಣೆಯಲ್ಲಿ. ಅಮ್ಮ ಮೈಸೂರಿನಲ್ಲಿ ಸಿಕ್ಕವರಿಗೆಲ್ಲ "ಮಕ್ಕಳು ವಿಲ್ಲಾದಲ್ಲಿದ್ದಾರೆ" ಎಂದು ಹೇಳುತ್ತಾರೆ. ವಿಲ್ಲಾದ ನೆಲಮಹಡಿಯ ಅರ್ಧದಲ್ಲಿ ಎಂದು ಹೇಳುವುದಿಲ್ಲ. ಆ ಅರ್ಧದಲ್ಲಿ ಅಕ್ಕ, ಭಾವ ಮತ್ತು ನಾನು. ಇನ್ನೊಂದು ಅರ್ಧದಲ್ಲಿ ಬಂಟ್ವಾಳ ಕಡೆಯ ಬ್ಯಾರಿ ದಂಪತಿ. ಗಂಡನಿಗೆ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ನಾನು ಅವರನ್ನು ಅಣ್ಣ ಎನ್ನುತ್ತೇನೆ. ಹೆಂಡತಿ ಇಲ್ಲಿಯ ಇಂಡಿಯನ್ ಸ್ಕೂಲೊಂದರಲ್ಲಿ ಗಣಿತದ ಟೀಚರು. ನನಗೆ ಅವರು ಟೀಚರಕ್ಕ. ಎರಡೂ ಮನೆಗಳ ನಡುವೆ ಒಂದು ಉದ್ದ ಪ್ಯಾಸೇಜು, ಅದರ ಕೊನೆಯಲ್ಲಿ ಇಬ್ಬರಿಗೂ ಸೇರಿದ ಅಡುಗೆಮನೆ.

ಟೀಚರಕ್ಕ ಪರ ಗಂಡಸರ ಮುಂದೆ ತಲೆಗೆ ಬಟ್ಟೆ ಇಲ್ಲದೆ ಕಾಣಿಸಿಕೊಳ್ಳುವವರಲ್ಲ. ಪ್ಯಾಸೇಜು ಅವರಿಗೆ ಅರ್ಧ ಮನೆ, ಅರ್ಧ ಬೀದಿ. ಹಾಗಾಗಿ ನಾವು ಬಂದ ಹೊಸದರಲ್ಲೇ ಯಾರೂ ಹೇಳಿಕೊಡದೆ ಒಂದು ಪದ್ಧತಿ ಬೆಳೆಯಿತು: ಗಂಡಸರು ತಮ್ಮ ಬಾಗಿಲು ತೆರೆಯುವ ಮೊದಲು ಕೆಮ್ಮಬೇಕು. ಕೆಮ್ಮಿ, ಒಂದು ಸೆರಗು ತಲೆಯ ಮೇಲೆ ಬರುವಷ್ಟು ಹೊತ್ತು ಬಿಟ್ಟು ಹೊರಗೆ ಕಾಲಿಡಬೇಕು. ಭಾವ ಕೆಮ್ಮುವುದು ಮೀಟಿಂಗಿನಲ್ಲಿ ಸಂಬಳದ ಮಾತು ಎತ್ತಲು ಹೊರಟವನ ಹಾಗೆ, ಎರಡು ಸಣ್ಣ ಹೂಂಕಾರ. ಅಣ್ಣ ಕೆಮ್ಮಿದರೆ ಗಂಟಲಲ್ಲಿ ಮರಳು ಲಾರಿ ಹಿಂದಕ್ಕೆ ಬಂದ ಹಾಗೆ. ನನಗೆ ಸ್ವಂತ ಕೆಮ್ಮಿಲ್ಲ. ಒಂದು ದಿನ ಭಾವನದು, ಒಂದು ದಿನ ಅಣ್ಣನದು, ಇನ್ನೊಂದು ದಿನ ನಮ್ಮ ಮ್ಯಾನೇಜರದು.

ಆ ಕಡೆಯ ಪರದೆಯ ಹಿಂದಿನಿಂದ ಟೀಚರಕ್ಕ ಕಂಡುಹಿಡಿಯುತ್ತಿದ್ದರು. "ಕೆಮ್ಮು ನಿನ್ನ ಭಾವನದ್ದು, ಕೆಮ್ಮಿದ್ದು ನೀನು. ಅವ್ರು ಇಷ್ಟು ಬೇಗ ಏಳುದಿಲ್ಲ ಮಾರಾಯ."

"ಅದ್ಹೇಗೆ ಗೊತ್ತಾಯ್ತಕ್ಕಾ?"

"ಮಕ್ಕಳು ಕಾಪಿ ಹೊಡ್ದದ್ದು ಹಿಡಿದೇ ಅಲ್ವಾ ನಾನು ಸಂಬಳ ತೆಕ್ಕೊಳ್ಳುದು."

ನನ್ನ ಕೆಲಸ ಲುಸೈಲ್‌ನಲ್ಲಿ, ಕಟ್ಟಡ ಕಟ್ಟುವ ಒಂದು ಕಂಪನಿಯಲ್ಲಿ. ನಕ್ಷೆಗಳು ಎಲ್ಲಿಂದ ಬಂದವು, ಯಾರ ಕೈಗೆ ಹೋದವು ಎಂದು ನೋಡಿಕೊಳ್ಳುವುದು. ಪ್ಲಾನಿಂಗ್ ವಿಭಾಗದಲ್ಲಿ ಒಂದು ಜಾಗ ಖಾಲಿಯಾಗಿತ್ತು. ಅದಕ್ಕೊಂದು ಸರ್ಟಿಫಿಕೇಟ್ ಬೇಕು, ಅದಕ್ಕೊಂದು ಆನ್‌ಲೈನ್ ಪರೀಕ್ಷೆ. "ಪಾಸಾಗಿ ಬಾ, ಖಲಾಸ್, ಕುರ್ಚಿ ನಿಂದು" ಎಂದಿದ್ದರು ಮ್ಯಾನೇಜರ್. ಪರೀಕ್ಷೆ ಆರು ತಿಂಗಳಿಗೊಮ್ಮೆ ಮಾತ್ರ. ಈ ಸಲ ತಪ್ಪಿದರೆ ಆ ಕುರ್ಚಿಯಲ್ಲಿ ಬೇರೊಬ್ಬ ಕೂತು ಅದರ ಎತ್ತರವನ್ನೂ ತನಗೆ ಬೇಕಾದ ಹಾಗೆ ಸರಿಮಾಡಿಕೊಂಡಿರುತ್ತಾನೆ.

ನಾನು ಓದುವ ರೀತಿಯೂ ನನ್ನ ಹಾಗೇ. ಸುಮ್ಮನೆ ಓದಿದರೆ ತಲೆಗೆ ಹತ್ತುವುದಿಲ್ಲ. ಅಪಾಯ ಅಂದಾಜು ಮಾಡುವ ಪಾಠವನ್ನು ಭಾವನ ದನಿಯಲ್ಲಿ ಬಾಯಿಪಾಠ ಮಾಡಿದೆ, ಯಾಕೆಂದರೆ ಅವರು ಹಾಲು ತರಲು ಹೊರಟರೂ ಅಪಾಯವನ್ನೇ ಯೋಚಿಸುತ್ತಾರೆ. ವೇಳಾಪಟ್ಟಿಯ ಪಾಠ ಅಕ್ಕನ ದನಿಯಲ್ಲಿ. ಖರ್ಚಿನ ಪಾಠ ಮ್ಯಾನೇಜರದು, ಹುಬ್ಬು ಮೇಲೆ, ಗಲ್ಲ ಒಳಗೆ.

ಪರೀಕ್ಷೆ ಶುಕ್ರವಾರ ಬೆಳಿಗ್ಗೆ. ಅಕ್ಕ, ಭಾವ ತರಕಾರಿ ಮಾರ್ಕೆಟ್ಟಿಗೆ ಹೋಗಿದ್ದರು. ಮೊದಲು ಆ ಸಾಫ್ಟ್‌ವೇರು ನನ್ನ ಮುಖ ಕೇಳಿತು. ನೇರ ನೋಡಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಕಣ್ಣು ಮಿಟುಕಿಸಿ. ಕೊಟ್ಟೆ. ಮುಖ ಕೊಡುವುದು ನನಗೆ ದೊಡ್ಡ ವಿಷಯವಾಗಿಯೇ ಇರಲಿಲ್ಲ. ಏರ್‌ಪೋರ್ಟಿನ ಗೇಟಿಗೆ ಕೊಟ್ಟಿದ್ದೇನೆ, ಬ್ಯಾಂಕಿನ ಆ್ಯಪಿಗೆ ಕೊಟ್ಟಿದ್ದೇನೆ, ಆಫೀಸಿನ ಹಾಜರಿ ಯಂತ್ರಕ್ಕೆ ದಿನಾ ಬೆಳಿಗ್ಗೆ ಹಲ್ಲು ಕಿರಿದು ಕೊಡುತ್ತೇನೆ. ಅದಾದ ಮೇಲೆ ನಿಯಮಗಳು ಬಂದವು: ಇನ್ನು ಮುಂದೆ ಯಾವ ಶಬ್ದವನ್ನೂ ಮಾಡಕೂಡದು, ಶಬ್ದವಾದರೆ ದಾಖಲಾಗುತ್ತದೆ. ಆಮೇಲೆ ಕೋಣೆ ತೋರಿಸಿ ಎಂದಿತು. ಲ್ಯಾಪ್‌ಟಾಪನ್ನು ಆರತಿ ತಟ್ಟೆಯ ಹಾಗೆ ಎತ್ತಿಕೊಂಡು ನಾಲ್ಕು ಗೋಡೆ, ಮೇಜಿನ ಅಡಿ, ಹಾಸಿಗೆಯ ಕೆಳಗೆ ಬಿದ್ದಿದ್ದ ಒಂಟಿ ಕಾಲ್ಚೀಲ ಎಲ್ಲ ತೋರಿಸಿದೆ. ಎಲ್ಲೋ ಕೂತು ಕ್ಯಾಮೆರಾದಲ್ಲಿ ನನ್ನ ಮೇಲೆ ಕಣ್ಣಿಟ್ಟಿದ್ದ ಪರೀಕ್ಷೆಯ ಮೇಲ್ವಿಚಾರಕರೊಬ್ಬರು ಆಗ ಚಾಟ್‌ನಲ್ಲಿ ಆ ಸಾಲು ಬರೆದರು. ಬಾಗಿಲು ತೆರೆಯಿರಿ.

ಕೆಮ್ಮಬೇಕು ಎಂದು ಗಂಟಲಿಗೆ ಬಂತು. ಶಬ್ದ ಮಾಡಕೂಡದು ಎಂದು ನುಂಗಿಕೊಂಡೆ. ಎರಡು ನಿಯಮಗಳ ನಡುವೆ ನಾನು ನಮ್ಮ ಮನೆಯದನ್ನು ಬಿಟ್ಟು ಅವರದನ್ನು ಹಿಡಿದೆ.

ಪ್ಯಾಸೇಜಿನಲ್ಲಿ ಟೀಚರಕ್ಕ. ಆಗಷ್ಟೇ ಸ್ನಾನ ಮಾಡಿದ್ದರು. ಕೂದಲು ಬಿಟ್ಟಿತ್ತು, ಹೆಗಲ ಮೇಲೆ ಟವೆಲು, ಕೈಯಲ್ಲಿ ಚಹಾದ ಲೋಟ. ಕೆಮ್ಮು ಕೇಳಿಸದ ಕಾರಣ ನಿಶ್ಚಿಂತೆಯಿಂದ ನಡೆದು ಬರುತ್ತಿದ್ದವರು ಒಂದು ಕ್ಷಣ ನಿಂತರು. ನಾನು ಎದೆಯ ಮಟ್ಟದಲ್ಲಿ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದೆ, ಅದರ ಕಣ್ಣು ನೇರ ಅವರ ಕಡೆಗೆ. ನೆಟ್ ಸರಿಯಿಲ್ಲದಾಗ ಹೀಗೆ ಸಿಗ್ನಲ್ ಹುಡುಕಿಕೊಂಡು ಪ್ಯಾಸೇಜಿನಲ್ಲಿ ತಿರುಗುವುದು ನನ್ನ ಅಭ್ಯಾಸ. ಅವರು ಟವೆಲು ತಲೆಗೆ ಎಳೆದುಕೊಳ್ಳುತ್ತ, "ಎಂತ, ನೆಟ್ ಸಿಗುದಿಲ್ವಾ? ನಮ್ಮ ಪಾಸ್‌ವರ್ಡ್ ಬೇಕಾ?" ಎಂದು ಕೇಳಿದರು.

ನಾನು ಮಾತಾಡುವಂತಿಲ್ಲ. ಕಣ್ಣು ಅಗಲಿಸಿ ತಲೆ ಅಲ್ಲಾಡಿಸಿದೆ. ಅದನ್ನು ನನ್ನ ಹೊಸ ಅಣಕ ಎಂದುಕೊಂಡು ಅವರು ನಕ್ಕರು, ನಗುತ್ತಲೇ ಒಳಗೆ ಹೋದರು. ನಾನು ಬಾಗಿಲು ಹಾಕಿದೆ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಕೂತೆ.

ಅಷ್ಟರಲ್ಲಿ ಪರೀಕ್ಷೆ ಶುರುವಾಯಿತು. ಮೊದಲ ಪ್ರಶ್ನೆ ಅಪಾಯದ್ದು. ಉತ್ತರ ನೆನಪಾಗಲು ಭಾವ ನೆನಪಾಗಬೇಕು. ದನಿ ತೆಗೆಯಲಿಲ್ಲ, ಆದರೆ ಭಾವನ ಮುಖ ನನ್ನ ಮುಖದ ಮೇಲೆ ತಾನಾಗಿ ಬಂದು ಕೂತಿತು. ಕೆಳದುಟಿ ಮುಂದೆ, ಕಣ್ಣು ಸಣ್ಣ. ತೆರೆಯ ಮೂಲೆಯಲ್ಲಿ ಕೆಂಪು ಪಟ್ಟಿ ಬಂತು: ನಿಮ್ಮ ಮುಖ ಹೊಂದಿಕೆಯಾಗುತ್ತಿಲ್ಲ. ಮುಖ ಸಡಿಲ ಮಾಡಿದೆ, ಪಟ್ಟಿ ಹೋಯಿತು. ಖರ್ಚಿನ ಪ್ರಶ್ನೆಗೆ ಬಂದಾಗ ಹುಬ್ಬು ಮೇಲೇರಿತು, ಗಲ್ಲ ಒಳಗೆ ಹೋಯಿತು, ಪಟ್ಟಿ ಮತ್ತೆ ಬಂತು. ತುಟಿ ಅಲ್ಲಾಡುತ್ತಿದೆ ಎಂದು ಇನ್ನೊಂದು ಎಚ್ಚರಿಕೆ. ಕೊನೆಗೆ ಐಡಿ ಕಾರ್ಡಿನಲ್ಲಿರುವ, ಮನೆಯವರು ಯಾರೋ ತೀರಿಕೊಂಡ ಸುದ್ದಿ ಕೇಳಿದಂತಿರುವ ನನ್ನದೇ ಮುಖವನ್ನು ನೆನಪು ಮಾಡಿಕೊಂಡು ಅದನ್ನೇ ಮಿಮಿಕ್ರಿ ಮಾಡುತ್ತ ಕೂತೆ. ಇಷ್ಟು ವರ್ಷದಲ್ಲಿ ನಾನು ಮಾಡಿದ ಅತಿ ಕಷ್ಟದ ಅಣಕ ಅದೇ. ಉತ್ತರಗಳು ಮಾತ್ರ ಚೆನ್ನಾಗಿಯೇ ಬಂದವು.

ಭಾನುವಾರ ಮೇಲ್ ಬಂತು. ಫಲಿತಾಂಶ ತಡೆಹಿಡಿಯಲಾಗಿದೆ. ಕಾರಣ ಎರಡು: ಅಭ್ಯರ್ಥಿಯ ಮುಖ ಹಲವು ಬಾರಿ ಬೇರೆ ವ್ಯಕ್ತಿಯದಾಗಿ ಕಂಡಿದೆ, ಆರಂಭದಲ್ಲಿ ಎರಡನೆಯ ವ್ಯಕ್ತಿಯೊಬ್ಬರು ಕಾಣಿಸಿಕೊಂಡು ಅಭ್ಯರ್ಥಿಯ ಜೊತೆ ಮಾತಾಡಿದ್ದಾರೆ. ನನಗೆ ಎರಡು ದಾರಿ. ಮೇಲ್ಮನವಿ ಸಲ್ಲಿಸಬಹುದು, ಹಾಗಾದರೆ ಅವರ ತಂಡ ರೆಕಾರ್ಡಿಂಗನ್ನು ಮತ್ತೆ ನೋಡುತ್ತದೆ, ಆ ಎರಡನೆಯ ವ್ಯಕ್ತಿ ಯಾರೆಂದು ಖಚಿತಪಡಿಸಲು ಅವರ ಐಡಿ ಕಾರ್ಡು ಮತ್ತು ಮುಖದ ಸ್ಪಷ್ಟ ಫೋಟೋ ನಾನು ಕಳಿಸಬೇಕು. ಇಲ್ಲವೇ ಪರೀಕ್ಷೆಯಿಂದ ಹಿಂದೆ ಸರಿಯಬಹುದು. ಫಲಿತಾಂಶ ರದ್ದು, ಕೋರಿದರೆ ರೆಕಾರ್ಡಿಂಗ್ ಅಳಿಸುತ್ತಾರೆ. ಗುರುವಾರದೊಳಗೆ ತಿಳಿಸಬೇಕು.

ಎರಡನೆಯ ವ್ಯಕ್ತಿ. ಅವರ ವಾಟ್ಸಾಪ್‌ನಲ್ಲಿ ಮುಖದ ಬದಲು ಒಂದು ಚಹಾ ಲೋಟದ ಚಿತ್ರವಿದೆ. ಆನ್‌ಲೈನ್ ಕ್ಲಾಸುಗಳ ಕಾಲದಲ್ಲಿ ಅವರ ಶಾಲೆಯ ಇನ್ನೊಬ್ಬ ಟೀಚರು ಆಕಳಿಸಿದ ಕ್ಷಣವನ್ನು ಹುಡುಗರು ಹಿಡಿದು ಸ್ಟಿಕ್ಕರ್ ಮಾಡಿದ್ದರಂತೆ. ಅದು ತರಗತಿಯಿಂದ ತರಗತಿಗೆ, ಅಲ್ಲಿಂದ ಪೋಷಕರ ಗ್ರೂಪಿಗೆ ಹೋಗಿ, ಆ ಟೀಚರು ಕೆಲಸ ಬಿಟ್ಟು ಊರಿಗೆ ಹೋದರಂತೆ. ಟೀಚರಕ್ಕ ಈ ಕತೆ ಹೇಳಿದ ದಿನ ನಾನು ಆ ಆಕಳಿಕೆ ಹೇಗಿದ್ದೀತು ಎಂದು ಮಾಡಿ ತೋರಿಸಿದ್ದೆ. ಅವರು ನಕ್ಕಿರಲಿಲ್ಲ. ಈಗ ಅವರ ಒದ್ದೆ ಕೂದಲು, ಹೆಗಲ ಟವೆಲು, ಆ ನಗು ಎಲ್ಲವೂ ಯಾವ ದೇಶದ ಯಾವ ಕಂಪ್ಯೂಟರಿನಲ್ಲಿದೆಯೋ ನನಗೇ ಗೊತ್ತಿರಲಿಲ್ಲ. ಇಲ್ಲಿ ಒಬ್ಬ ಹೆಂಗಸಿನ ಫೋಟೋ ಕೇಳದೆ ತೆಗೆದರೆ ಪೊಲೀಸ್ ಠಾಣೆ ಹತ್ತಬೇಕಾಗುತ್ತದೆ ಎಂದು ಹೊಸಬರಿಗೆ ಬುದ್ಧಿ ಹೇಳುವವನು ನಾನೇ.

ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆ ಬಹಳ ವಿನಯದ ಒಬ್ಬ ಹುಡುಗ, ಹಿಂದಿಯಲ್ಲಿ.

"ಆ ವಿಡಿಯೋ ಯಾರು ನೋಡ್ತಾರೆ?" ಎಂದು ಕೇಳಿದೆ.

"ಅಧಿಕೃತ ಸಿಬ್ಬಂದಿ ಮಾತ್ರ ಸರ್."

"ಎಷ್ಟು ಜನ? ಗಂಡಸರಾ ಹೆಂಗಸರಾ?"

"ಅಧಿಕೃತ ಸಿಬ್ಬಂದಿ ಸರ್."

"ಆ ಭಾಗ ಒಂದನ್ನು ಮಸುಕು ಮಾಡೋಕೆ ಆಗಲ್ವಾ?"

"ಮೇಲ್ಮನವಿ ಇರುವಾಗ ಆಗುವುದಿಲ್ಲ ಸರ್. ಇನ್ನೇನಾದರೂ ಸಹಾಯ ಬೇಕೆ ಸರ್?"

ಬೇರೆ ದಿನವಾಗಿದ್ದರೆ ಅವನ 'ಸರ್' ಅನ್ನು ಅಂದೇ ಸಂಜೆ ಊಟದ ಹೊತ್ತಿಗೆ ತಯಾರು ಮಾಡಿಬಿಡುತ್ತಿದ್ದೆ. ಆ ದಿನ ನಾಲಿಗೆ ಏಳಲಿಲ್ಲ.

ಸೋಮವಾರ ಅಕ್ಕನಿಗೆ ಹೇಳಿದೆ. ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು. "ಅವ್ರಿಗೆ ಗೊತ್ತಾ?"

"ಇಲ್ಲ."

"ಶುಕ್ರವಾರದಿಂದ ಅವ್ರ ಜೊತೆ ಅಡುಗೆಮನೇಲಿ ನಿಂತ್ಕೊಂಡು ನಗ್ತಿದ್ದೀಯಲ್ಲೋ. ಹೋಗಿ ಹೇಳು."

ಭಾವ ಸೋಫಾದಿಂದ ಕೆಮ್ಮಿದರು. "ನೇರವಾಗಿ ಹೆಂಗಸರ ಹತ್ರ ಇಂಥ ಮಾತು ತೆಗೆಯೋದು ಚೆನ್ನಾಗಿರಲ್ಲ. ಮೊದ್ಲು ಯಜಮಾನ್ರ ಹತ್ರ ಮಾತಾಡು. ಅದು ಮರ್ಯಾದೆ."

"ಮುಖ ಯಜಮಾನ್ರದ್ದಾ?" ಎಂದಳು ಅಕ್ಕ.

ನಾನು ಭಾವನ ಮಾತು ಕೇಳಿದೆ. ಅದು ಮರ್ಯಾದೆ ಎಂದಲ್ಲ, ಸುಲಭ ಎಂದು. ಟೀಚರಕ್ಕನ ಮುಂದೆ ನಿಲ್ಲುವುದಕ್ಕಿಂತ ಅಣ್ಣನ ಮುಂದೆ ನಿಲ್ಲುವುದು ಹಗುರ ಎನಿಸಿತು.

ಮಂಗಳವಾರ ಅಣ್ಣನ ಅಂಗಡಿಗೆ ಹೋದೆ. ಅವರು ಗಿರಾಕಿಯೊಬ್ಬನಿಗೆ ಬಲ್ಬು ಉರಿಸಿ ತೋರಿಸುತ್ತಿದ್ದರು. ನನ್ನನ್ನು ಕೂರಿಸಿ ಖಡಕ್ ಚಹಾ ತರಿಸಿದರು. ನಾನು ಎಲ್ಲವನ್ನೂ ಹೇಳಿದೆ, ಕೂದಲಿನ ವಿಷಯ ಹೇಳುವಾಗ ಕಪ್ಪಿನೊಳಗೆ ನೋಡಿಕೊಂಡು ಹೇಳಿದೆ. ಅವರ ಮುಖ ಒಮ್ಮೆ ಬಿಗಿಯಿತು. ಸ್ವಲ್ಪ ಹೊತ್ತು ಕೌಂಟರಿನ ಮೇಲಿದ್ದ ಸ್ಕ್ರೂಗಳನ್ನು ಬೆರಳಿನಿಂದ ಒಂದು ಕಡೆಗೆ ಸರಿಸಿದರು. ಆಮೇಲೆ ನಿಟ್ಟುಸಿರು ಬಿಟ್ಟರು.

"ಆದದ್ದು ಆಯ್ತು ಮಾರಾಯ. ಬೇಕಂತ ಮಾಡಿದ್ದಲ್ಲ ಅಲ್ವಾ. ಈಗ ನಿನ್ನ ಕೆಲ್ಸದ ಪ್ರಶ್ನೆ. ಐಡಿ ಬೇಕು ಅಂತ ಹೇಳಿದ್ದಾ?"

"ಐಡಿ, ಆಮೇಲೆ ಒಂದು ಫೋಟೋ."

"ನನ್ನ ಮೊಬೈಲಲ್ಲಿ ಉಂಟು. ವೀಸಾ ರಿನೀವಲಿಗೆ ಅಂತ ಇಟ್ಟದ್ದು." ಅವರು ಕನ್ನಡಕ ಏರಿಸಿ, ಬೆರಳು ಜಾರಿಸಿ, ಹುಡುಕಿ ಕಳಿಸಿಯೇ ಬಿಟ್ಟರು. ನನ್ನ ಜೇಬಿನಲ್ಲಿ ಫೋನು ಎರಡು ಸಲ ನಡುಗಿತು. "ರಾತ್ರೆ ನಾನು ಅವಳತ್ರ ಹೇಳ್ತೇನೆ. ನೀನು ಹೆದರ್ಬೇಡ."

ಆ ಕ್ಷಣ ನನಗೆ ಹಾಯೆನಿಸಿತು. ಬಸ್ಸಿನಲ್ಲಿ ಕೂತ ಮೇಲೆ ಹಾಯೆನಿಸಲಿಲ್ಲ. ಫೋನು ತೊಡೆಯ ಮೇಲೆ ಭಾರವಾಗಿತ್ತು. ಪಕ್ಕದಲ್ಲಿ ಕೂತವನು ಬಗ್ಗಿ ನೋಡುತ್ತಾನೇನೋ ಎಂದು ಅದನ್ನು ಮಗುಚಿ ಹಿಡಿದೆ. ಶುಕ್ರವಾರ ಕ್ಯಾಮೆರಾ ತೆಗೆದುಕೊಂಡದ್ದು ಅಕಸ್ಮಾತ್ತು ಎನ್ನಬಹುದಿತ್ತು. ಇದಕ್ಕೆ ಏನೆನ್ನಲಿ?

ಬುಧವಾರ ಸಂಜೆ ಆಫೀಸಿನಿಂದ ಬಂದು ಮೇಲ್ಮನವಿಯ ಪುಟ ತೆರೆದೆ. ಅಣ್ಣ ಇನ್ನೂ ಏನೂ ಹೇಳಿರಲಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಿದ್ದರೆ ಆ ಕಡೆಯ ಅರ್ಧದಿಂದ ಇಷ್ಟು ನಿರಾಳವಾಗಿ ಪಾತ್ರೆಗಳ ಸದ್ದು ಬರುತ್ತಿರಲಿಲ್ಲ. ಐಡಿ ಸೇರಿಸಿದೆ. ಫೋಟೋ ಸೇರಿಸಿದೆ. ಕೆಳಗೊಂದು ಸಣ್ಣ ಚೌಕ: ಈ ವ್ಯಕ್ತಿ ಇದಕ್ಕೆ ಒಪ್ಪಿದ್ದಾರೆ ಎಂದು ದೃಢಪಡಿಸುತ್ತೇನೆ. ಒಂದು ಟಿಕ್ಕು ಹಾಕಿದರೆ ಮುಗಿಯಿತು. ಎಷ್ಟು ಕಡೆ ಓದದೆ ಟಿಕ್ಕು ಹಾಕಿದ್ದೇನೆ ನಾನು. ಬೆರಳು ಅಲ್ಲೇ ನಿಂತಿತು. ಟೀಚರಕ್ಕನ ದನಿಯಲ್ಲಿ 'ಆಯ್ತು ಮಾರಾಯ, ಕೊಡು' ಎಂದು ಬಾಯಲ್ಲಿ ಹೇಳಿ ನೋಡಿದೆ. ದನಿ ಹದವಾಗಿಯೇ ಬಂತು. ಏನನ್ನೂ ಕಳಿಸದೆ ಪುಟ ಮುಚ್ಚಿದೆ. ಜೋರಾಗಿ ಕೆಮ್ಮಿ ಅಡುಗೆಮನೆಗೆ ಹೋದೆ.

ಟೀಚರಕ್ಕ ಒಲೆಯ ಮುಂದೆ ನಿಂತು ಮೀನಿಗೆ ಮಸಾಲೆ ಹಚ್ಚುತ್ತಿದ್ದರು. ತಲೆಯ ಮೇಲೆ ಶಾಲು.

"ಅಕ್ಕ, ಒಂದು ವಿಷಯ."

"ಯಾರ ದನಿ ಇದು? ಇಷ್ಟು ಸಣ್ಣದು ಯಾರದ್ದೂ ಇಲ್ಲ."

"ನಂದೇ ಅಕ್ಕ."

ಅವರು ತಿರುಗಿ ನೋಡಿದರು. ನಾನು ಹೇಳಿದೆ, ಬಾಗಿಲಿನಿಂದ ಹಿಡಿದು ಬಸ್ಸಿನವರೆಗೆ. ಅವರು ಮಸಾಲೆಯ ಕೈಯನ್ನು ಗಾಳಿಯಲ್ಲಿ ಹಿಡಿದೇ ನಿಂತಿದ್ದರು.

"ತಲೆಗೆ ಬಟ್ಟೆ ಇರ್ಲಿಲ್ಲ ಅಲ್ವಾ ಆಗ?"

"ಇರ್ಲಿಲ್ಲ. ಆಮೇಲೆ ಟವೆಲ್ ಎಳ್ಕೊಂಡ್ರಿ."

"ಮಾತೂ ಉಂಟಾ ಅದ್ರಲ್ಲಿ?"

"ಇದೆ ಅಕ್ಕ. ನಗೂನೂ ಇದೆ."

ಅವರು ನಲ್ಲಿ ತಿರುಗಿಸಿ ಕೈ ತೊಳೆದುಕೊಂಡರು. ಬಹಳ ಹೊತ್ತು ತೊಳೆದರು. ಆಮೇಲೆ ಕೈ ಚಾಚಿದರು, "ಫೋನ್ ಕೊಡು." ಕೊಟ್ಟೆ. ಗಂಡ ಕಳಿಸಿದ ಎರಡೂ ಚಿತ್ರಗಳನ್ನು ಅಳಿಸಿದರು. ಅಳಿಸಿದ್ದನ್ನು ಇಡುವ ಜಾಗಕ್ಕೂ ಹೋಗಿ ಅಲ್ಲಿಂದಲೂ ಅಳಿಸಿದರು. ಫೋನನ್ನು ಹಿಂದಕ್ಕೆ ಕೊಡುವ ಹೊತ್ತಿಗೆ ಪ್ಯಾಸೇಜಿನಲ್ಲಿ ಮರಳು ಲಾರಿ ಹಿಂದಕ್ಕೆ ಬಂದ ಸದ್ದಾಯಿತು, ಅಣ್ಣ ಒಳಗೆ ಬಂದರು. ನಮ್ಮಿಬ್ಬರ ಮುಖ ನೋಡಿದ ತಕ್ಷಣ ಅವರಿಗೆ ತಿಳಿಯಿತು.

"ಇವತ್ತು ಹೇಳುವ ಅಂತ ಇದ್ದೆ," ಎಂದರು.

"ನಿನ್ನೆ ಕಳಿಸಿ ಇವತ್ತು ಹೇಳುದಾ?"

"ಪಾಪ ಹುಡುಗನ ಕೆಲ್ಸದ ವಿಷಯ ಅಲ್ವಾ. ಏರ್‌ಪೋರ್ಟಲ್ಲಿ ಎಲ್ರೂ ಮುಖ ಕೊಡ್ತಾರೆ, ನೀನೂ ಕೊಡ್ತಿ. ಇದೂ ಹಾಗೆ ಒಂದು ಅಂತ ಎಣಿಸಿದೆ."

"ಏರ್‌ಪೋರ್ಟಲ್ಲಿ ನನ್ನತ್ರ ಕೇಳ್ತಾರೆ, ನಾನು ಮುಂದೆ ಹೋಗಿ ನಿಲ್ತೇನೆ. ಇಲ್ಲಿ ನೀವಿಬ್ರು ಅಂಗಡಿಯಲ್ಲಿ ಕೂತು ಚಾ ಕುಡಿದು ಕೊಟ್ಟದ್ದು. ನಾನು ಶಾಲೆಯಲ್ಲಿದ್ದೆ."

ಅಣ್ಣ ಕೈಯಲ್ಲಿದ್ದ ಚೀಲವನ್ನು ಮೆಲ್ಲನೆ ಕೆಳಗಿಟ್ಟರು. ಆ ಹೊತ್ತಿಗೆ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಆ ಕುರ್ಚಿ ಕಣ್ಣ ಮುಂದೆ ಸುತ್ತುತ್ತಿತ್ತು. "ಅಕ್ಕ, ವಿಡಿಯೋ ಹೇಗಿದ್ರೂ ಅವ್ರ ಹತ್ರ ಇದ್ದೇ ಇದೆ," ಎಂದೆ. "ಶಾಲು ಹಾಕ್ಕೊಂಡಿರೋ ಒಂದು ಫೋಟೋ ಕೊಟ್ರೆ ಇನ್ನೇನು ಹೆಚ್ಚಾಗುತ್ತೆ? ನಾಳೆ ಕೊನೇ ದಿನ. ನಾನು ಹಿಂದೆ ಸರಿದ್ರೆ ಇನ್ನು ಆರು ತಿಂಗಳು ಕಾಯ್ಬೇಕು, ಅಷ್ಟು ಹೊತ್ತಿಗೆ ಆ ಜಾಗ ಹೋಗಿರುತ್ತೆ."

ಅದಕ್ಕೆ ಅವರು ಕೊಟ್ಟ ಉತ್ತರ ಕೇಳಿದ ಮೇಲೆ ನಾನು ಕೋಣೆಗೆ ಹೋಗಿ, ಪರೀಕ್ಷೆಯಿಂದ ಹಿಂದೆ ಸರಿಯುತ್ತೇನೆ, ರೆಕಾರ್ಡಿಂಗ್ ಅಳಿಸಿ ಎಂದು ಬರೆದು ಕಳಿಸಿದೆ. ಅಳಿಸಿದ್ದೇವೆ ಎಂದು ಒಂದು ಸಾಲಿನ ಮೇಲ್ ಬಂತು. ಅಳಿಸಿದ್ದನ್ನು ಕಣ್ಣಾರೆ ನೋಡುವ ದಾರಿ ಯಾವುದೂ ಇಲ್ಲ; ಆ ಅಳುಕು ಇನ್ನೂ ಹೋಗಿಲ್ಲ. ಮ್ಯಾನೇಜರು "ಮಾಫಿ ಮುಶ್ಕಿಲ್, ಪರವಾಗಿಲ್ಲ" ಎಂದು ಆ ಕುರ್ಚಿಗೆ ಬೇರೊಬ್ಬನನ್ನು ತಂದರು. ಟೀಚರಕ್ಕ ಆ ಸಂಜೆ ದನಿ ಏರಿಸಲಿಲ್ಲ. ಬಾಣಲೆಗೆ ಎಣ್ಣೆ ಬಿಡುತ್ತ, ನನ್ನ ಕಡೆ ತಿರುಗದೆ ಹೇಳಿದ್ದು ಇಷ್ಟು:

"ನಿನ್ನತ್ರ ಭಾವನ ಮುಖ ಉಂಟು, ಮ್ಯಾನೇಜರ್ನ ಮುಖ ಉಂಟು, ಊರಿನವರದ್ದೆಲ್ಲ ಉಂಟು. ನನ್ನತ್ರ ಇರುದು ನನ್ನದೊಂದೇ, ಅದನ್ನು ನಿನ್ನ ಕುರ್ಚಿಗೆ ಕೊಡ್ಲಿಕ್ಕೆ ನಂಗೆ ಮನಸ್ಸಿಲ್ಲ."